ಹುಣಸೆಹಣ್ಣಿನ ಮೇಲೆ ಹೊರಿಸಿದ ಬಿರುಕು

ಆ ಮರದ ಪೆಟ್ಟಿಗೆ ಬಂದಾಗ ನಾನು ಪ್ರಯೋಗಾಲಯದಲ್ಲಿ ಅನುರಣನ ಪ್ರಯೋಗದ ಗಾಜಿನ ನಳಿಗೆಗೆ ನೀರು ತುಂಬಿಸುತ್ತಿದ್ದೆ. ಬೈಲಹೊಂಗಲದಿಂದ ಕಿತ್ತೂರಿಗೆ ಹೋಗುವ ದಾರಿಯಲ್ಲಿರುವ ಖಾಸಗಿ ಪದವಿಪೂರ್ವ ಕಾಲೇಜು ಅದು. ನಾನು ಅಲ್ಲಿ ಕರಾರಿನ ಮೇಲೆ ಭೌತಶಾಸ್ತ್ರ ಕಲಿಸುವಾಕೆ. ನಾಲ್ಕು ಜನ ಪೆಟ್ಟಿಗೆಯನ್ನು ಹೊತ್ತು ತಂದು ನನ್ನ ಮೇಜಿನ ಪಕ್ಕಕ್ಕೆ ಇಳಿಸಿದರು. ಅವರ ಹಿಂದೆ ಪ್ರಿನ್ಸಿಪಾಲರು ಬಂದರು.

"ಮೇಡಂ, ಚೀನಾದ ಜಾಗಟಿ ಇವು. ನಮ್ಮ ಚೇರ್ಮನ್ನರ ಗೆಳೆಯರು ಕಾಣಿಕಿ ಕಳಿಸ್ಯಾರ. ಹೊಸ ಸಭಾಭವನದ ಉದ್ಘಾಟನಕ್ಕ ದೀಪ ಹಚ್ಚೂದರ ಬದಲಿ ಇದನ್ನ ಬಾರಿಸೂದು ಅಂತ ಠರಾವ್ ಆಗೇದ. ನಾದದ ಪಾಠ ನಿಮ್ಮದಲ್ಲ? ಇದೂ ನಿಮ್ಮದ."

"ನನಗ ಬಾರಿಸಾಕ ಬರಂಗಿಲ್ಲ ಸರ್."

"ಬಡದ್ರ ಆತು. ಜಾಗಟಿ ಬಾರಿಸಾಕ ಏನ್ ಡಿಗ್ರಿ ಬೇಕೇನ್ರಿ?"

ಅವರು ನಕ್ಕರು. ನಾನು ನಗಲಿಲ್ಲ. ನಮ್ಮ ಮನೆತನದಲ್ಲಿ ಡಿಗ್ರಿ ಎಂಬ ಕಾಗದವನ್ನು ಮೊದಲು ಕೈಯಲ್ಲಿ ಹಿಡಿದವಳು ನಾನು. ಆ ಮಾತಿನ ಮೇಲಿನ ತಮಾಷೆ ನನಗೆ ಇವತ್ತಿಗೂ ರುಚಿಸುವುದಿಲ್ಲ.

ಪೆಟ್ಟಿಗೆಯಲ್ಲಿ ಗಾಂಗ್ ಎಂಬ ಆ ಚೀನೀ ಜಾಗಟೆಗಳು ಮೂರು ಇದ್ದವು. ದೊಡ್ಡದು ಎರಡೂ ಕೈ ಚಾಚಿ ತಬ್ಬಿಕೊಳ್ಳುವಷ್ಟು ಅಗಲ. ಅಂಚು ಹಿಂದಕ್ಕೆ ಮಡಿಚಿದ ತೆಳ್ಳನೆಯ ಕಂಚಿನ ತಟ್ಟೆ. ಮೇಲೆ ಎರಡು ತೂತು, ಅವುಗಳಲ್ಲಿ ದಾರ ಪೋಣಿಸಿ ಕಟ್ಟಿಗೆಯ ಚೌಕಟ್ಟಿಗೆ ತೂಗುಹಾಕಬೇಕು. ನಡುವೆ ಮತ್ತು ಅಂಚಿನಲ್ಲಿ ಹಂಚಿನಂತೆ ಕಪ್ಪು, ಎರಡರ ಮಧ್ಯದ ಪಟ್ಟಿ ಮಾತ್ರ ಹೆರೆದು ಹೊಳಪು ಮಾಡಿದ್ದು. ಎರಡನೆಯದು ಊಟದ ತಾಟಿನಷ್ಟು, ಹಿಡಿಯಲು ದಾರವಿತ್ತು. ಮೂರನೆಯದು ಅಂಗೈಗಿಂತ ತುಸು ದೊಡ್ಡದು. ಅದಕ್ಕೆ ದಾರವೂ ಇಲ್ಲ, ತೂತೂ ಇಲ್ಲ. ಜೊತೆಗೆ ಉಣ್ಣೆ ಸುತ್ತಿದ ದಪ್ಪ ತಲೆಯ ಕೋಲು ಒಂದು, ಬಟ್ಟೆ ಸುತ್ತಿದ ಸಣ್ಣ ಕೋಲು ಒಂದು, ಅಡುಗೆಮನೆಯ ಚಪ್ಪಟೆ ಸಟ್ಟುಗದಂಥ ತೆಳುವಾದ ಕಟ್ಟಿಗೆಯ ಚೂರು ಒಂದು. ಬಾರಿಸುವ ಬಗೆಯನ್ನು ಹೇಳುವ ಒಂದು ಚೀಟಿಯೂ ಇರಲಿಲ್ಲ.

ಉದ್ಘಾಟನೆಗೆ ಒಂಬತ್ತು ದಿನಗಳಿದ್ದವು. ಪಾಠ ಮುಗಿದ ಮೇಲೆ ದಿನಾ ಎರಡು ತಾಸು ಕುಳಿತೆ. ಮೊಬೈಲಿನಲ್ಲಿ ಚೀನಾದ ಕಲಾವಿದರ ವಿಡಿಯೊಗಳನ್ನು ಹುಡುಕಿ ನಿಧಾನ ಮಾಡಿ ನೋಡಿದೆ. ಭಾಷೆ ತಿಳಿಯದು; ಕೈ ಮಾತ್ರ ನೋಡಬೇಕು.

ಮೊದಲು ಸೋತದ್ದು ಚಿಕ್ಕದರ ಮುಂದೆ. ಅಂಚು ಗಟ್ಟಿಯಾಗಿ ಹಿಡಿದು ಬಾರಿಸಿದರೆ ತಗಡು ತಟ್ಟಿದಂತೆ ಸತ್ತ ಸದ್ದು. ಮೂರನೆಯ ದಿನ ಗೊತ್ತಾಯಿತು, ಅದನ್ನು ಹಿಡಿಯುವುದೇ ಅಲ್ಲ. ಎಡಗೈಯ ಬೆರಳುಗಳನ್ನು ಮಡಿಚಿ, ಅಂಚಿನ ಒಳಮಗ್ಗುಲಿಗೆ ತಾಗಿಸಿ, ಅದು ಬೆರಳಿನ ಮೇಲೆ ಕೂರುವಂತೆ ಮಾಡಬೇಕು. ಹೊಡೆಯುವುದು ಆ ಕಟ್ಟಿಗೆಯ ಚೂರಿನ ಅಗಲದಿಂದಲ್ಲ, ಅದರ ತೆಳ್ಳನೆಯ ಅಂಚಿನಿಂದ, ಸರಿಯಾಗಿ ನಡುವೆ. ಹಾಗೆ ಹೊಡೆದಾಗ ಸ್ವರ ಹುಟ್ಟಿದ ಮೇಲೆ ತಾನಾಗಿ ಮೇಲಕ್ಕೆ ಜಾರುತ್ತದೆ. ತಾಟಿನಷ್ಟಿದ್ದ ಎರಡನೆಯದು ಅದಕ್ಕೆ ವಿರುದ್ಧ. ಬಟ್ಟೆಯ ಕೋಲಿನಿಂದ ಬಾರಿಸಿದರೆ ಸ್ವರ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ಅಲ್ಲಿನ ನಾಟಕಗಳಲ್ಲಿ ಸೇನಾಪತಿ ರಂಗಕ್ಕೆ ಬರುವಾಗ ಇಳಿಯುವ ಸ್ವರ, ಹೆಣ್ಣುಪಾತ್ರವೋ ಹಾಸ್ಯಗಾರನೋ ಬರುವಾಗ ಏರುವ ಸ್ವರ. ಕಾರಣ ಲೋಹದ ಆಕಾರದಲ್ಲಿದೆ: ತಾಟಿನಂಥದರ ನಡು ಸಪಾಟು, ಚಿಕ್ಕದರ ನಡು ಕೂದಲೆಳೆಯಷ್ಟು ಉಬ್ಬು. ಇದನ್ನು ನಾನು ಬೆರಳಿನಿಂದ ಸವರಿ ಕಂಡುಕೊಂಡೆ. ಆ ದಿನ ನನಗೆ ಊಟ ಬೇಕೆನಿಸಲಿಲ್ಲ, ಅಷ್ಟು ಖುಷಿ.

ದೊಡ್ಡದು ಬೇರೆಯೇ ಪ್ರಾಣಿ. ಅದನ್ನು ತಣ್ಣಗಿರುವಾಗ ಒಮ್ಮೆಲೇ ಹೊಡೆಯಬಾರದು. ಉಣ್ಣೆಯ ಕೋಲಿನಿಂದ ಕೇಳಿಯೂ ಕೇಳದಂತೆ ಐದಾರು ಸಲ ಮುಟ್ಟಿ ತಟ್ಟೆಯನ್ನು ಮೊದಲು ನಡುಗಿಸಬೇಕು, ಎಚ್ಚರಿಸಿದ ಹಾಗೆ. ಆಮೇಲೆ ನಡುವಿಗಿಂತ ನಾಲ್ಕು ಬೆರಳು ಕೆಳಗೆ, ಮೇಲಿನಿಂದ ಸವರಿಕೊಂಡು ಹೋಗುವಂತೆ ಒಂದು ಏಟು. ಏಟು ಬಿದ್ದ ಕೂಡಲೇ ಬರುವುದು ಸಣ್ಣ ಗುಂಯ್ ಅಷ್ಟೇ. ಒಂದು ಉಸಿರು ಕಳೆದ ಮೇಲೆ ಒಳಗಿನಿಂದ ನಾದ ಉಕ್ಕಿ ಬಂದು ಕೋಣೆ ತುಂಬುತ್ತದೆ. ನಿಲ್ಲಿಸಬೇಕಾದರೆ ಅಂಗೈ ಮತ್ತು ಮೊಣಕಾಲು ಎರಡನ್ನೂ ಒತ್ತಬೇಕು.

ಪ್ರಯೋಗಾಲಯ ಗುಡಿಸಲು ಬರುತ್ತಿದ್ದ ಆಯಾ ಇದನ್ನೆಲ್ಲ ಕಸಬರಿಗೆ ಹಿಡಿದು ನಿಂತು ನೋಡುತ್ತಿದ್ದಳು. ಸಂಗೊಳ್ಳಿಯವಳು, ದಿನಾ ಮುಂಜಾನೆಯ ಬಸ್ಸಿಗೆ ಬರುವವಳು. ಇಡೀ ಕಾಲೇಜು ಅವಳನ್ನು ಮಾವಶಿ, ಅಂದರೆ ಚಿಕ್ಕಮ್ಮ, ಅನ್ನುತ್ತದೆ.

"ಅಕ್ಕಾರ, ಇದು ನಮ್ಮತ್ತಿ ಇದ್ದಂಗ ಐತಿ ನೋಡ್ರಿ," ಅಂದಳು ಒಂದು ದಿನ.

"ಯಾಕ್ರಿ ಮಾವಶಿ?"

"ಅಂದ ಕೂಡ್ಲೆ ಸುಮ್ಮಿರತಿದ್ಲು. ನಾವು ಪಾರಾದ್ವಿ ಅಂತ ಅಡಗಿ ಮನಿಗೆ ಹೋದ ಮ್ಯಾಲೆ ಹಿಂದಿಂದ ಬರತಿತ್ತು ಪೂರಾ."

ಇಷ್ಟು ಸರಿಯಾದ ವಿವರಣೆ ಯಾವ ವಿಡಿಯೊದಲ್ಲೂ ಇರಲಿಲ್ಲ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಉದ್ಘಾಟನೆಯ ಹಿಂದಿನ ದಿನ ಚೌಕಟ್ಟನ್ನು ಸಭಾಭವನಕ್ಕೆ ಸಾಗಿಸಿ ದೊಡ್ಡದನ್ನು ತೂಗುಹಾಕಿ ದೂರ ನಿಂತು ನೋಡಿದೆ. ಹಿಂದೆ ಬಿಳಿ ಪರದೆ, ಮುಂದೆ ಕಪ್ಪು ಮೆತ್ತಿದ ಕಂಚು. ನನ್ನ ಎದೆಯಲ್ಲಿ ಏನೋ ಚುಚ್ಚಿತು. ನಾನು ಬೆಳೆದದ್ದು ಉಗರಗೋಳದಲ್ಲಿ. ನಮ್ಮ ಮನೆಯಲ್ಲಿ ಕಂಚು ಇರಲಿಲ್ಲ. ಪಕ್ಕದ ಗುಡ್ಡದ ದೇವಿಯ ದರ್ಶನಕ್ಕೆ ಬರುವ ಜನ ಇಳಿದುಕೊಳ್ಳುವ ಮನೆಗಳಲ್ಲಿ ಅವ್ವ ತಿಕ್ಕುತ್ತಿದ್ದದ್ದೆಲ್ಲ ಬೇರೆಯವರ ಕಂಚು. ಹಬ್ಬದ ಹಿಂದಿನ ದಿನ ಒಂದು ತಾಟಿನ ಅಂಚಿನಲ್ಲಿ ಕಪ್ಪು ಉಳಿದಿದ್ದರೂ ಅದನ್ನು ಅವಳ ಮುಂದೆ ಎಸೆದು ಮತ್ತೆ ತಿಕ್ಕಿಸುತ್ತಿದ್ದರು. ಕಪ್ಪು ಕಂಚು ಎಂದರೆ ನನಗೆ ಮೈಗಳ್ಳತನ, ಬೈಗುಳ. ನಾಳೆ ಊರ ಗಣ್ಯರೆಲ್ಲ ಇದನ್ನು ನೋಡಿ, ಯಾರ ಕೈಗೆ ಕೊಟ್ಟಿದ್ದರು ನೋಡು ಅನ್ನುತ್ತಾರೆ ಅನಿಸಿತು.

"ಮಾವಶಿ, ಹುಣಸಿಹಣ್ಣು ಬೂದಿ ಹಚ್ಚಿ ಇದನ್ನ ಫಳಫಳ ಮಾಡಾಕ ಬರತೈತೇನ್ರಿ?"

"ಬರದ ಏನ್ರಿ? ಮುಖಾ ಕಾಣಂಗ ಮಾಡತೇನಿ."

ವಸತಿನಿಲಯದ ಅಡುಗೆಮನೆಯಿಂದ ಹುಣಸೆಹಣ್ಣು ತಂದು ನೆನೆಹಾಕಿ, ಬೂದಿ ಸೋಸಿ, ತೆಂಗಿನ ನಾರಿನಿಂದ ಅವಳು ತಿಕ್ಕಿದಳು. ನಾನೇ ನೀರು ಹಾಕಿದೆ. ಮುಗಿದಾಗ ಅದು ಮದುವೆ ಮನೆಯ ಹೊಸ ತಾಟಿನಂತೆ ಥಳಥಳಿಸುತ್ತಿತ್ತು. ಒಳಗೊಳಗೆ ಅಂಜಿಕೆ ಇದ್ದೇ ಇತ್ತು. ಮೊದಲ ದಿನ ಬಾರಿಸಿದಾಗ ಮೊಬೈಲಿನಲ್ಲಿ ಧ್ವನಿಮುದ್ರಿಸಿ ಕಂಪನಾಂಕಗಳನ್ನು ಬರೆದಿಟ್ಟುಕೊಂಡಿದ್ದೆ. ಈಗ ಅದೇ ದೂರದಲ್ಲಿ ಮೊಬೈಲಿಟ್ಟು ಮತ್ತೆ ಮುದ್ರಿಸಿದೆ. ಎರಡೂ ಹೆಚ್ಚುಕಡಿಮೆ ಒಂದೇ. ಸಮಾಧಾನವಾಯಿತು.

ಮರುದಿನ ಬಸ್ಸಿನಲ್ಲಿ ಬರುವಾಗ ನೋಡಿದ ಇನ್ನೊಂದು ವಿಡಿಯೊದಲ್ಲಿ ಗಾಂಗ್ ತಯಾರಿಸುವ ಮುದುಕನೊಬ್ಬ ಕುಲುಮೆಯಿಂದ ಬಂದ ಕಪ್ಪನ್ನು ಬೇಕೆಂದೇ ಬಿಟ್ಟು, ಮಧ್ಯದ ಪಟ್ಟಿಯನ್ನಷ್ಟೇ ಹೆರೆಯುತ್ತಿದ್ದ. ಆ ಕಪ್ಪು ಕೊಳೆಯಾಗಿರಲಿಲ್ಲ. ಅದು ಅವರ ಕೈಯ ಗುರುತು. ನನ್ನ ಊರಿನ ಹಳೆಯ ನಾಚಿಕೆಯನ್ನು ತೆಗೆದುಕೊಂಡು ಹೋಗಿ ಯಾರದೋ ಕಸುಬಿನ ಮೇಲೆ ತಿಕ್ಕಿದ್ದೆ.

ಸಮಾರಂಭ ಹನ್ನೊಂದಕ್ಕೆ. ಪರದೆಯ ಹಿಂದೆ ನಿಂತು ಗಾಂಗನ್ನು ಮೆಲ್ಲಗೆ ಮುಟ್ಟಿ ಎಚ್ಚರಿಸಿದೆ. ಪರದೆ ಸರಿದ ಮೇಲೆ ಚೇರ್ಮನ್ನರಿಗೆ ಉಣ್ಣೆಯ ಕೋಲು ಕೊಟ್ಟು, ಎಲ್ಲಿ ಹೊಡೆಯಬೇಕೆಂದು ಬೆರಳಿಟ್ಟು ತೋರಿಸಿ, "ಸಾವಕಾಶ ಹೊಡೀರಿ ಸಾಹೇಬ್ರ. ನಾದ ತಡಾ ಮಾಡಿ ಬರತೈತಿ, ಒಂದೀಟು ತಡೀರಿ," ಅಂದೆ. ಅವರು ಹೊಡೆಯುವ ಮೊದಲು ಭಾಷಣಗಳೇ ಮುಕ್ಕಾಲು ತಾಸು ಎಳೆದವು. ನಾನು ಎಚ್ಚರಿಸಿದ್ದ ತಟ್ಟೆ ಆಗಲೇ ಮತ್ತೆ ನಿದ್ದೆಹೋಗಿತ್ತು. ಚೇರ್ಮನ್ನರು ಹೊಡೆದರು. ಗುಂಯ್ ಅಂದಿತು. ನಾದ ಅರಳುವ ಮೊದಲೇ ಅವರು ಮೈಕಿನ ಕಡೆ ತಿರುಗಿ, "ಇದೇನಿದು, ಮುದುಕ ಕೆಮ್ಮಿದಂಗ," ಅಂದರು. ಸಭೆ ನಕ್ಕಿತು. ನಗೆಯ ಸದ್ದಿನಲ್ಲಿ ನಾದ ಬಂದು ಹೋದದ್ದು ಯಾರಿಗೂ ಕೇಳಿಸಲಿಲ್ಲ.

"ಪ್ರಾರ್ಥನಾ ಖೋಲಿಯೊಳಗ ಜಾಗಟಿ ಕೋಲ ಐತಲ್ಲ, ಅದನ್ನ ತರ್ರಿ," ಅಂದರು.

ನಮ್ಮ ಜಾಗಟೆಯನ್ನು ಬಾರಿಸುವುದು ಬರಿ ಕಟ್ಟಿಗೆಯಿಂದ, ಅಂಚಿನ ಹತ್ತಿರ, ಬಿರುಸಾಗಿ. ಅದು ದಪ್ಪಗಿರುತ್ತದೆ, ತಾಳುತ್ತದೆ, ಹೊಡೆದ ಕ್ಷಣವೇ ಗಣ್ ಅನ್ನುತ್ತದೆ. ಎಲ್ಲ ಕಂಚೂ ಹಾಗೆಯೇ ಎಂದು ನಮ್ಮವರ ನಂಬಿಕೆ. ನಾನು ವೇದಿಕೆಯ ಮೇಲೆಯೇ ಅಡ್ಡ ನಿಂತೆ.

"ಬ್ಯಾಡ್ರಿ ಸಾಹೇಬ್ರ. ಬರಿ ಕಟ್ಟಿಗೀಲೆ ಹೊಡೀಬಾರದು. ಸೀಳತೈತಿ."

ಅವರು ಮೈಕಿನಲ್ಲೇ ಉತ್ತರ ಕೊಟ್ಟರು: "ನಮ್ಮ ಮೇಡಮ್ಮಾರು ಪುಸ್ತಕಾ ಓದಿ ಓದಿ ಅಂಜಬುರುಕರಾಗ್ಯಾರ. ಸರೀರಿ ಆ ಕಡೆ."

ಮತ್ತೆ ನಗು. ನಾನು ಸರಿದೆ. ಮೂರು ಏಟು ಬಿದ್ದವು, ಮೇಲಂಚಿನಲ್ಲಿ, ದಾರದ ತೂತಿನ ಪಕ್ಕದಲ್ಲೇ. ಮೊದಲ ಎರಡಕ್ಕೆ ಕಿವಿ ಸೀಳುವ ಸದ್ದು. ಮೂರನೆಯದಕ್ಕೆ ಒಣ ಶೇಂಗಾ ಕಾಯಿ ಒಡೆದಂಥ ಟಪ್ ಒಂದು, ಅದರ ಹಿಂದೆ ಜರಜರ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಫೋಟೊಗ್ರಾಫರ್ ಮತ್ತೊಮ್ಮೆ ಹೊಡೆಯುವಂತೆ ನಿಲ್ಲಿಸಿ ಚಿತ್ರ ತೆಗೆದ. ಎಲ್ಲರೂ ಊಟಕ್ಕೆ ಹೋದ ಮೇಲೆ ನೋಡಿದರೆ ಎಡಗಡೆಯ ತೂತಿನ ಪಕ್ಕದಿಂದ ಒಳಕ್ಕೆ ನಾಲ್ಕು ಬೆರಳುದ್ದ ಬಿರುಕು. ಉಣ್ಣೆಯ ಕೋಲಿನಿಂದ ಮುಟ್ಟಿದರೆ ಗಂಟಲಲ್ಲಿ ಕಫ ಸಿಕ್ಕಿದಂತೆ ಕರಕರ ಅಂದಿತು.

ಎರಡು ದಿನ ಬಿಟ್ಟು ಪ್ರಿನ್ಸಿಪಾಲರು ಕರೆಸಿದರು. ಬಾಯಲ್ಲಿ ಏಲಕ್ಕಿ. ಮೇಜಿನ ಮೇಲೆ ಬೆರಳಚ್ಚು ಮಾಡಿದ ಒಂದು ಹಾಳೆ.

"ಮೇಡಂ, ಕಾಣಿಕಿ ಕೊಟ್ಟವ್ರು ಮುಂದಿನ ತಿಂಗಳ ಬರತಾರ. ಅವರಿಗೆ ಏನರ ಕಾರಣ ಹೇಳಬೇಕಲ್ಲ. ಇದು ತಾಂತ್ರಿಕ ವರದಿ. ನೀವು ವಿಷಯ ತಜ್ಞರು, ಒಂದು ಸಹಿ ಹಾಕಿಬಿಡ್ರಿ."

ಓದಿದೆ. 'ಸ್ವಚ್ಛತಾ ಸಿಬ್ಬಂದಿಯು ಯಾರ ಅನುಮತಿಯನ್ನೂ ಪಡೆಯದೆ ಆಮ್ಲಯುಕ್ತ ಹುಣಸೆಹಣ್ಣಿನಿಂದ ವಾದ್ಯವನ್ನು ಉಜ್ಜಿದ ಕಾರಣ ಲೋಹವು ದುರ್ಬಲಗೊಂಡು ತಾನಾಗಿಯೇ ಬಿರುಕು ಬಿಟ್ಟಿರುತ್ತದೆ.' ಮೂರು ಏಟುಗಳ ಮಾತೇ ಇಲ್ಲ. ಚೇರ್ಮನ್ನರ ಹೆಸರು ಕೊನೆಯಲ್ಲಿತ್ತು, ಆ ದಿನ ಬಂದು ಶೋಭೆ ತಂದದ್ದಕ್ಕೆ.

"ಸರ್, ಇದು ಖರೇ ಅಲ್ಲ."

"ಪೂರಾ ಸುಳ್ಳೂ ಅಲ್ಲಲ್ರಿ. ತಿಕ್ಕಿದ್ದು ಹೌದಲ್ಲ?" ಅವರು ಇನ್ನೊಂದು ಏಲಕ್ಕಿ ಸುಲಿದರು. "ನಿಮ್ಮ ಕಾಯಂ ಮಾಡೋ ಕಾಗದನೂ ಚೇರ್ಮನ್ನರ ಮುಂದ ಅದ. ಎರಡೂ ಒಂದ ಸಲ ಮುಗದ್ರ ಛಲೋ."

ಅವರ ಮೇಲೆ ಹೇಸಿಗೆ ಬಂತು. ಆದರೆ ನಿಜ ಹೇಳುತ್ತೇನೆ, ತಿಕ್ಕಲು ಹೇಳಿದವಳು ನಾನು ಎಂಬ ಮಾತು ನನ್ನ ಬಾಯಿಂದ ಬರಲಿಲ್ಲ. ಓದಿ ಕೊಡುತ್ತೇನೆ ಎಂದು ಹಾಳೆ ಮಡಿಚಿ ಚೀಲದಲ್ಲಿಟ್ಟುಕೊಂಡು ಹೊರಬಂದೆ. ಮೂರು ದಿನ ಅದು ನನ್ನ ಊಟದ ಡಬ್ಬಿಯ ಪಕ್ಕದಲ್ಲೇ ಓಡಾಡಿತು. ಅವರ ಮೇಲೆ ಬಂದ ಹೇಸಿಗೆ ಮೂರನೆಯ ದಿನಕ್ಕೆ ನನ್ನ ಮೇಲೆಯೇ ತಿರುಗಿತು. ಕಾಯಂ ಆದರೆ ಅವ್ವನ ಕೈಗೆ ಕೊಡಬೇಕೆಂದುಕೊಂಡಿದ್ದ ಕಾಗದ, ಅವ್ವನಂಥವಳ ಕೊರಳಿಗೆ ಕಟ್ಟಿದ ಕಲ್ಲಾಗಿ ಬರುವುದಿತ್ತು.

ಸೋಮವಾರ ಮಾವಶಿ ಬರಲಿಲ್ಲ. ಮಂಗಳವಾರವೂ ಇಲ್ಲ. ಪ್ರಯೋಗಾಲಯದ ನೆಲದ ಮೇಲೆ ಮರಳು ಹಾಗೇ ಇತ್ತು. ಕಚೇರಿಯಲ್ಲಿ ಕೇಳಿದರೆ, ರಜೆಯ ಮೇಲಿದ್ದಾಳೆ ಅಂದರು. ಅವಳು ರಜೆ ಹಾಕಿದ್ದನ್ನು ನಾನು ಕಂಡವಳಲ್ಲ. ಬುಧವಾರ ಕಾಲೇಜು ಬಿಟ್ಟ ಕೂಡಲೇ ಸಂಗೊಳ್ಳಿಯ ಬಸ್ಸು ಹತ್ತಿದೆ.

ಅವಳು ಪಡಸಾಲೆಯಲ್ಲಿ ಕುಳಿತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ನನ್ನನ್ನು ಕಂಡು ಎದ್ದು ಚಾಪೆ ಹಾಸಿದಳು. ಬಲಗೈ ಹೆಬ್ಬೆರಳಿನ ಉಗುರಿನ ಸುತ್ತ ನೀಲಿ ಶಾಯಿ ಇನ್ನೂ ಹೋಗಿರಲಿಲ್ಲ.

"ಇದೇನ್ರಿ ಮಾವಶಿ?"

"ರಜಾ ಅರ್ಜಿಗೆ ಹೆಬ್ಬಟ್ಟು ಒತ್ತಿಸ್ಕೊಂಡ್ರಲ್ರಿ. ಹದಿನೈದ ದಿನ ಮನ್ಯಾಗ ಆರಾಮ ಇರು, ಕರೀತೇವಿ ಅಂದ್ರು. ನಾನೂ ಶ್ಯಾಣ್ಯಾಕಿ, ಒತ್ತಿ ಬಂದ್ನಿ. ಇಲ್ಲಿ ಬಂದ ಮ್ಯಾಲೆ ಕಾಲೇಜಿಗೆ ಬರೋ ನಮ್ಮೂರ ಹುಡುಗೂರು ಹೇಳಿದ್ವು, ಅದು ತಪ್ಪೊಪ್ಪಿಗೆ ಕಾಗದ ಅಂತ. ಚೀನಾದ ಜಾಗಟಿ ಒಡದಾಕಿ ನಾನ ಅಂತ."

ನಾನು ಚೀಲದಿಂದ ಹಾಳೆ ತೆಗೆದು ಅವಳಿಗೆ ಓದಿ ಹೇಳಿದೆ. ಅವಳು ಜೋಳದಿಂದ ಕೈ ತೆಗೆಯಲಿಲ್ಲ. ಒಂದು ಹರಳು ಆರಿಸಿ ಅಂಗಳಕ್ಕೆ ಎಸೆದಳು.

"ನನಗ ಓದಾಕ ಬರಂಗಿಲ್ಲಂತ ನನ್ನ ಹೆಬ್ಬಟ್ಟು ತಗೊಂಡ್ರು. ನಿಮಗ ಓದಾಕ ಬರತೈತಂತ ನಿಮ್ಮ ಸಹಿ ಕೇಳಾಕತ್ತಾರ. ಹೌದಿಲ್ಲೋ?"

"ತಿಕ್ಕಾಕ ಹೇಳಿದಾಕಿ ನಾನ ಅಲ್ಲೇನ್ರಿ."

"ಹೇಳಿದ್ರಿ. ನನಗ ಗೊತ್ತೈತಿ. ಅಲ್ಲಿ ಯಾಕ ಹೇಳಲಿಲ್ಲ?"

ಅವಳು ಸಿಟ್ಟಾಗಿದ್ದರೆ ಹಗುರಾಗುತ್ತಿತ್ತು. ಬದಲಿಗೆ ಒಳಗೆ ಹೋಗಿ ಚಹಾಕ್ಕೆ ಇಟ್ಟಳು. ತಿರುಗಿ ಬರುವ ಬಸ್ಸಿನಲ್ಲಿ ನಿಶ್ಚಯ ಮಾಡಿದೆ. ಸಹಿ ಹಾಕುವುದಿಲ್ಲ ಎಂದಷ್ಟೇ ಹೇಳಿ ಸುಮ್ಮನಾದರೆ ಅವಳ ಹೆಬ್ಬೆಟ್ಟು ಹಾಗೆಯೇ ಉಳಿಯುತ್ತದೆ. ತಾಂತ್ರಿಕ ವರದಿ ಕೇಳಿದ್ದಾರಲ್ಲ, ತಾಂತ್ರಿಕ ವರದಿಯನ್ನೇ ಕೊಡಬೇಕು.

ನನ್ನ ಎರಡು ಧ್ವನಿಮುದ್ರಣಗಳಿದ್ದವು. ತಿಕ್ಕುವ ಮೊದಲಿನದು, ತಿಕ್ಕಿದ ಮೇಲಿನದು. ತಿಕ್ಕಿದ ಮೇಲೂ ಅದು ಸರಿಯಾಗಿ ನುಡಿದಿತ್ತು. ಆದರೆ ಹುಣಸೆಹುಳಿ ಕಂಚನ್ನು ಒಳಗಿನಿಂದ ತಿನ್ನುವುದಿಲ್ಲ ಎನ್ನಲು ಪುಸ್ತಕ ಸಾಲದು, ಕೈ ಪಳಗಿದವರ ಮಾತು ಬೇಕಿತ್ತು. ರವಿವಾರ ರಾಮದುರ್ಗಕ್ಕೆ ಹೋಗಿ ಹಳೆಯ ಪಾತ್ರೆ ಬೆಸೆಯುವ ಒಬ್ಬ ಕಂಚುಗಾರರನ್ನು ಹುಡುಕಿದೆ. ಬಿರುಕಿನ ಫೋಟೊ ತೋರಿಸಿದೆ. ಅವರು ಕನ್ನಡಕವನ್ನು ಹಣೆಗೆ ಏರಿಸಿ ಮೊಬೈಲನ್ನು ಮೂಗಿನ ಹತ್ತಿರ ಹಿಡಿದರು.

"ಯಾರ್ರಿ ಹೊಡದವ್ರು? ದನಾ ಹೊಡದಂಗ ಹೊಡದಾರ."

"ಹುಣಸಿಹಣ್ಣಿಗೆ ಸೀಳಿತು ಅಂತಾರ್ರಿ."

ಅವರು ಕನ್ನಡಕ ಇಳಿಸಿ ನನ್ನ ಮುಖ ನೋಡಿದರು. "ಹುಣಸಿಹಣ್ಣಿಗೆ ಕಂಚು ಸೀಳೂದಾಗಿದ್ರ ನಮ್ಮ ಕಡೆ ಒಂದು ಮನ್ಯಾಗರ ತಾಟು ಉಳೀತಿತ್ತೇನ್ರಿ? ಹಿತ್ತಾಳಿಗೆ ಪೆಟ್ಟು ಬಿದ್ರ ತಗ್ಗು ಬೀಳತೈತಿ. ಕಂಚಿಗೆ ಪೆಟ್ಟು ಬಿದ್ರ ಸೀಳತೈತಿ. ತವರ ಹೆಚ್ಚು ಇರತೈತಿ ಅದರಾಗ. ಹುಳಿ ಬರೇ ಮ್ಯಾಲಿನ ಬಣ್ಣಾ ತಿಂತೈತಿ. ಇಲ್ಲಿ ನೋಡ್ರಿ, ತೂತಿನ ಬಾಜೂಕ ಕೋಲಿನ ಪೆಟ್ಟಿನ ಗುರ್ತ ಐತಿ, ಸೀಳು ಅಲ್ಲಿಂದನ ಹೊಂಟೈತಿ."

ಬರೆದುಕೊಂಡೆ. ಬಿರುಕನ್ನು ಬೆಸೆಯಲು ಬರುತ್ತದೆಯೇ ಎಂದು ಕೇಳಿದೆ. ಬೆಸೆಯಬಹುದು, ನೋಡಲು ನೆಟ್ಟಗಾಗುತ್ತದೆ, ದನಿ ಬರುವುದಿಲ್ಲ ಅಂದರು. ಬಿರುಕಿನ ತುದಿಗೆ ಸಣ್ಣ ತೂತು ಕೊರೆದರೆ ಮುಂದೆ ಓಡುವುದು ನಿಲ್ಲುತ್ತದೆ ಎಂಬುದನ್ನೂ ಅವರೇ ಹೇಳಿಕೊಟ್ಟರು. ವಾರದ ನಡುವೆ ಪ್ರಯೋಗಾಲಯದ ಕೈ ಡ್ರಿಲ್ಲಿನಿಂದ ನಾನೇ ಅದನ್ನು ಮಾಡಿದೆ. ಕೊರೆಯುವಾಗ ಉದುರಿದ ಕಂಚಿನ ಪುಡಿ ಬಂಗಾರದ ಬಣ್ಣದ್ದು. ಬಿರುಕಿನ ಒಳಗೋಡೆಯೂ ಸ್ವಚ್ಛ ಹೊಳಪು. ಹುಳಿ ತಿಂದ ಗುರುತು ಎಲ್ಲೂ ಇರಲಿಲ್ಲ.

ವರದಿ ಎರಡು ಪುಟವಾಯಿತು. ಬಾರಿಸುವ ಸರಿಯಾದ ವಿಧಾನ, ಆ ದಿನ ಬಾರಿಸಿದ ವಿಧಾನ, ಪೆಟ್ಟು ಬಿದ್ದ ಜಾಗ, ಬಿರುಕು ಹೊರಟ ಜಾಗ, ಎರಡು ಧ್ವನಿಮುದ್ರಣಗಳ ಹೋಲಿಕೆ, ಕಂಚುಗಾರರ ಮಾತು. ಕೊನೆಯಲ್ಲಿ: 'ವಾದ್ಯವನ್ನು ಹುಣಸೆಹಣ್ಣಿನಿಂದ ತಿಕ್ಕುವಂತೆ ಹೇಳಿದವಳು ನಾನು. ಅದರಿಂದ ತಯಾರಕರು ಬೇಕೆಂದೇ ಉಳಿಸಿದ್ದ ಕಪ್ಪು ಮೇಲ್ಪದರ ಹೋಗಿದೆ. ಆ ನಷ್ಟಕ್ಕೆ ನಾನು ಹೊಣೆ. ಬಿರುಕಿಗೂ ಅದಕ್ಕೂ ಸಂಬಂಧವಿಲ್ಲ.' ಈ ಕೊನೆಯ ಭಾಗವನ್ನು ನಾಲ್ಕು ಸಲ ಬರೆದು ನಾಲ್ಕು ಸಲ ಹೊಡೆದುಹಾಕಿದ್ದೆ. ಐದನೆಯ ಸಲ ಬಿಟ್ಟೆ.

ಕೊಡುವ ಮೊದಲು ಮತ್ತೆ ಸಂಗೊಳ್ಳಿಗೆ ಹೋದೆ. ಅವಳ ಹೆಸರಿನಲ್ಲಿ ಒಂದು ಕಾಗದ ಅವಳಿಗೆ ಕೇಳಿಸದೆ ಹೋಗಿತ್ತು. ಇನ್ನೊಂದು ಹಾಗೆ ಹೋಗಬಾರದು. ಪಡಸಾಲೆಯಲ್ಲಿ ಕುಳಿತು ಪೂರಾ ಓದಿದೆ. ಕಣ್ಣು ಮುಚ್ಚಿ ಕೇಳಿದಳು. ಒಂದು ಕಡೆ ಕೈ ಎತ್ತಿದಳು.

"ತಡೀರಿ. ತಾಸೊತ್ತು ತಿಕ್ಕಿದ್ಲು ಅಂತ ಬರದೀರಿ?"

"ಹೌದ್ರಿ."

"ಎರಡು ತಾಸು ತಿಕ್ಕೇನಿ ನಾ. ನಡಾ ಹಿಡಕೊಂಡಿತ್ತು ಆವತ್ತ. ಸರಿಯಾಗಿ ಬರೀರಿ."

ಅಲ್ಲೇ ತಿದ್ದಿದೆ. ಆಮೇಲೆ ಸಹಿ ಹಾಕಿದೆ.

ವರದಿ ನೋಡಿದಾಗ ಪ್ರಿನ್ಸಿಪಾಲರ ದವಡೆ ನಿಂತಿತು. "ಇದನ್ನ ನಾ ಮುಂದ ಕಳಸಾಕ ಆಗೂದಿಲ್ಲ ಮೇಡಂ."

"ಆಗಲಿಲ್ಲಂದ್ರ ಬಿಡ್ರಿ ಸರ್. ಕಾಣಿಕಿ ಕೊಟ್ಟವ್ರು ಬಂದಾಗ ನಾದದ ಬಗ್ಗೆ ನನ್ನನ್ನ ಕೇಳತಾರ. ಆವಾಗ ಬಾಯಿಲೆ ಹೇಳತೇನಿ."

ಅವರು ಎರಡು ಪುಟ ಹಿಡಿದು ಚೇರ್ಮನ್ನರ ಕೋಣೆಗೆ ಹೋದರು. ಒಂದು ತಾಸು ಯಾರೂ ಹೊರಗೆ ಬರಲಿಲ್ಲ. ಮರುದಿನ ಮಾವಶಿಗೆ ಫೋನ್ ಹೋಯಿತು, ಕೆಲಸಕ್ಕೆ ಬಾ ಎಂದು. ನನ್ನ ಕಾಯಂ ಕಾಗದ ಬರಲಿಲ್ಲ. ಈ ಬರಹ ಬರೆಯುವ ಹೊತ್ತಿಗೂ ಬಂದಿಲ್ಲ.

ಶನಿವಾರ ಸಿಬ್ಬಂದಿಯ ಸಭೆ. ಚೇರ್ಮನ್ನರು ಬಿಳಿ ಅಂಗಿಯ ತೋಳು ಮಡಿಚಿ ಎದ್ದು ನಿಂತರು. ನನ್ನ ಬಗ್ಗೆ ಏನಾದರೂ ಬರುತ್ತದೆ ಎಂದು ಎದೆ ಗಟ್ಟಿ ಮಾಡಿಕೊಂಡು ಕುಳಿತಿದ್ದೆ. ಬಂದದ್ದು ಬೈಗುಳವಲ್ಲ.

"ನಮ್ಮ ಸಂಸ್ಥೆಯೊಳಗ ಖರೇ ಹೇಳವ್ರಿಗೆ ಜಾಗಾ ಐತಿ. ನಾ ಚೇರ್ಮನ್ ಇದ್ರೂ ನಂದೂ ಒಂದು ಸಣ್ಣ ತಪ್ಪು ಐತಿ ಅಂತ ಮೇಡಮ್ಮಾರು ಬರದು ಕೊಟ್ಟಾರ. ನಾ ಬ್ಯಾಸರಾ ಮಾಡ್ಕೊಂಡಿಲ್ಲ. ಇಂಥಾ ಸಂಸ್ಕಾರ ಎಲ್ಲಿ ಸಿಗತೈತಿ ಹೇಳ್ರಿ? ಎಲ್ಲಾರೂ ಚಪ್ಪಾಳಿ ಹೊಡೀರಿ."

ಹೊಡೆದರು. ಅವತ್ತು ಸಭಾಭವನದಲ್ಲಿ ಹೊಡೆದ ಅದೇ ಕೈಗಳು. ಚೇರ್ಮನ್ನರು ತಮ್ಮ ಏಟನ್ನೂ ನನ್ನ ವರದಿಯನ್ನೂ ಒಂದೇ ತಾಟಿಗೆ ಬಡಿಸಿಕೊಂಡು ತಾವೇ ಉಣ್ಣುತ್ತಿದ್ದರು. ಬಾಗಿಲ ಹತ್ತಿರ ಮಾವಶಿ ಚಹಾದ ಟ್ರೇ ಹಿಡಿದು ಚಪ್ಪಾಳೆ ಮುಗಿಯಲೆಂದು ಕಾಯುತ್ತಿದ್ದಳು.

ನಾನು ಎದ್ದು ನಿಂತೆ. "ಸಾಹೇಬ್ರ, ಮಾವಶಿಯವ್ರ ಹೆಬ್ಬಟ್ಟಿನ ಕಾಗದ ಎಲ್ಲೈತ್ರಿ?"

ಚಪ್ಪಾಳೆ ಅಲ್ಲಲ್ಲಿ ನಿಂತಿತು. ಪ್ರಿನ್ಸಿಪಾಲರು ಅರ್ಧ ಎದ್ದರು. "ಅದು ಫೈಲಿನೊಳಗ ಇರಲಿ ಬಿಡ್ರಿ ಮೇಡಂ. ಬರೇ ನೆಪಕ್ಕ ಮಾಡಿದ್ದು."

"ಯಾವ ತಪ್ಪಿಗೆ ಇರಬೇಕ್ರಿ ಸರ್?"

ಚೇರ್ಮನ್ನರು ಗಡಿಯಾರ ನೋಡಿಕೊಂಡು, "ಕೊಟ್ಟು ಕಳಸ್ರಿ ಅತ್ತ," ಅಂದರು. ಪ್ರಿನ್ಸಿಪಾಲರು ಕಚೇರಿಗೆ ಹೋಗಿ ಬಂದರು. ಕಾಗದವನ್ನು ನನ್ನ ಕಡೆ ಚಾಚಿದರು. ನಾನು ಕೈ ಮುಂದೆ ಮಾಡಲಿಲ್ಲ.

"ನಂದಲ್ರಿ ಸರ್. ಅವರದು."

ಮಾವಶಿ ಟ್ರೇಯನ್ನು ಮೇಜಿನ ಮೇಲಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಕಾಗದ ತೆಗೆದುಕೊಂಡಳು. ತಿರುಗಿಸಿ ತನ್ನ ಹೆಬ್ಬೆಟ್ಟಿನ ಗುರುತು ನೋಡಿದಳು. ನಂತರ ನನ್ನ ಮುಂದೆ ಹಿಡಿದಳು.

"ಓದ್ರಿ ಅಕ್ಕಾರ. ಅದ ಹೌದಿಲ್ಲೋ ನೋಡ್ರಿ."

ಎಲ್ಲರ ಎದುರಿಗೆ ಗಟ್ಟಿಯಾಗಿ ಓದಿದೆ. 'ನನ್ನ ಅಜ್ಞಾನದಿಂದ' ಎಂದು ಶುರುವಾಗಿ 'ಕ್ಷಮಿಸಬೇಕಾಗಿ ಬೇಡಿಕೊಳ್ಳುತ್ತೇನೆ' ಎಂದು ಮುಗಿಯುವ ಆರು ಸಾಲು. ಓದುವಷ್ಟು ಹೊತ್ತೂ ಒಬ್ಬರೂ ತಲೆ ಎತ್ತಲಿಲ್ಲ.

"ಅದ ಐತ್ರಿ," ಅಂದೆ.

ಅವಳು ಅದನ್ನು ನಾಲ್ಕು ಮಡಿಕೆ ಮಾಡಿ ನಡುವಿಗೆ ಸಿಕ್ಕಿಸಿಕೊಂಡಳು. ಟ್ರೇ ಎತ್ತಿಕೊಂಡು ಮೊದಲು ಚೇರ್ಮನ್ನರ ಹತ್ತಿರ ಹೋದಳು.

"ಚಾ ಆರಾಕತ್ತೈತಿ," ಅಂದಳು. "ಕುಡೀರಿ."